ಬೇಕಲ: ಕೋಟೆಗೆ ಬೆಳಗ್ಗೆ ಹೋಗಿ, ಕಡಲಿಗೆ ಸಂಜೆ

ಕಾಸರಗೋಡು ಜಿಲ್ಲೆಯ ಬೇಕಲ ನೋಡಿ ಬೇಸರದಿಂದ ಹಿಂದಿರುಗಿದವರನ್ನು ಕೇಳಿದರೆ ಹೆಚ್ಚಾಗಿ ಒಂದೇ ಕಥೆ. ಭಾನುವಾರ ಮಂಗಳೂರಿನಲ್ಲಿ ಉಂಡು ಹೊರಟರು, ನಾಲ್ಕೂವರೆಗೆ ಕೋಟೆ ಬಾಗಿಲಲ್ಲಿ ಕ್ಯೂ ನಿಂತರು, ಗೋಪುರ ಹತ್ತಿ ನಾಲ್ಕು ಫೋಟೊ ತೆಗೆಯುವಷ್ಟರಲ್ಲಿ ಕಾವಲಿನವರ ಸೀಟಿ ಕೇಳಿತು. ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗಲೇ ಹೊರಗೆ ಬಂದರು. ಆಮೇಲೆ ಬೀಚಿನ ದಾರಿಯಲ್ಲಿ ಕಾರುಗಳ ಸಾಲು, ಕತ್ತಲಾದ ಮೇಲೆ ಮರಳು. ‘ಪೋಸ್ಟರಿನಲ್ಲಿ ಇದ್ದ ಹಾಗೆ ಏನೂ ಇಲ್ಲ ಮಾರಾಯ್ರೆ’ ಎನ್ನುತ್ತಾರೆ.

ತಪ್ಪು ಊರಿನದಲ್ಲ, ಹೊತ್ತಿನದು. ಕೋಟೆಯ ಬಾಗಿಲು ತೆರೆಯುವುದು ಬೆಳಗ್ಗೆ 8ಕ್ಕೆ. ಸಂಜೆ ಆರು ಹೊಡೆಯುವ ಮೊದಲೇ ಒಳಗಿದ್ದವರನ್ನು ಹೊರಡಿಸುತ್ತಾರೆ, ಟಿಕೆಟ್ ಕೊಡುವುದು ಅದಕ್ಕೂ ಮುಂಚೆ ನಿಲ್ಲುತ್ತದೆ. ಇಲ್ಲಿ ಸೂರ್ಯ ಮುಳುಗುವುದು ನವೆಂಬರ್ ಕೊನೆಯಲ್ಲಿ ಸರಿಸುಮಾರು 6ಕ್ಕೆ, ಜನವರಿ ಕೊನೆಗೆ ಆರೂವರೆಗೆ, ಏಪ್ರಿಲ್‌ನಲ್ಲಿ 6.40ರ ಹೊತ್ತಿಗೆ. ಅಂದರೆ ವರ್ಷದ ಯಾವ ತಿಂಗಳಲ್ಲೂ ಕೋಟೆಯ ಮೇಲೆ ನಿಂತು ಸೂರ್ಯಾಸ್ತ ಪೂರ್ತಿ ನೋಡಲಾಗುವುದಿಲ್ಲ. ಅದಕ್ಕೆ ಇರುವುದು ಪಕ್ಕದ ಪಳ್ಳಿಕ್ಕರೆಯ ಕಡಲತಡಿ. ಬೆಳಗ್ಗೆ ಬಿಸಿಲು ಬೆನ್ನ ಹಿಂದಿನಿಂದ, ಪೂರ್ವದಿಂದ ಬೀಳುತ್ತದೆ. ಕೆಂಪು ಗೋಡೆ ಕೆಂಪಾಗಿಯೇ ಕಾಣುತ್ತದೆ, ಅದರಾಚೆಗಿನ ಕಡಲು ನೀಲಿ. ಮೂರು ಗಂಟೆಯ ನಂತರ ಅದೇ ಕಡಲು ಕಣ್ಣು ಕುಕ್ಕುವ ಬೆಳ್ಳಿ ತಗಡಾಗುತ್ತದೆ, ಕೋಟೆ ಬರೀ ಕಪ್ಪು ನೆರಳು. ಫೋಟೊಕ್ಕಾಗಿ ಬರುವವರಿಗೆ ಇದಕ್ಕಿಂತ ದೊಡ್ಡ ಸಲಹೆ ಬೇರೆ ಇಲ್ಲ.

ಇದು ಯಾರ ಕೋಟೆ

ಕೇರಳದ ಅತಿ ದೊಡ್ಡ ಕೋಟೆ ಎಂಬುದು ಪ್ರವಾಸೋದ್ಯಮದವರ ಮಾತು. ಸುಳ್ಳಲ್ಲ, ಸುಮಾರು 40 ಎಕರೆ ಇದೆ. ಆದರೆ ಕಟ್ಟಿದ್ದು ಕೆಳದಿಯವರು. ಬಿದನೂರಿನಲ್ಲಿ ಕೂತು ಘಟ್ಟದ ಮೇಲನ್ನೂ ಕರಾವಳಿಯನ್ನೂ ಆಳಿದ ಶಿವಪ್ಪ ನಾಯಕನ ಕಾಲದ್ದು, 1650ರ ಆಸುಪಾಸು. ಕರಾವಳಿಯಲ್ಲಿ ಕುಂಬಳೆಯ ಆರಿಕ್ಕಾಡಿಯಿಂದ ಹಿಡಿದು ಕಾಸರಗೋಡು, ಚಂದ್ರಗಿರಿ, ಬೇಕಲ, ಹೊಸದುರ್ಗದವರೆಗೆ ಸಾಲಾಗಿ ಕೋಟೆಗಳು ಎದ್ದದ್ದು ಆ ವಂಶದವರಿಂದ. ಕಾಞಂಗಾಡಿಗೆ ಇಂದಿಗೂ ದಾಖಲೆಯಲ್ಲಿರುವ ‘ಹೊಸದುರ್ಗ’ ಎಂಬ ಹೆಸರು ಕನ್ನಡವೇ. ಕೋಟೆ ಕಾಯಲು ಬಂದ ರಾಮಕ್ಷತ್ರಿಯರ ಮನೆತನಗಳು ಈ ಕೋಟೆಗಳ ಸುತ್ತಲೇ ನೆಲೆಸಿದವು. ಚಂದ್ರಗಿರಿ ಹೊಳೆ ದಾಟಿದ ಮೇಲೂ ಮನೆಮಾತು ಕನ್ನಡ ಉಳಿದಿರುವ ಕೆಲವೇ ಎಡೆಗಳಲ್ಲಿ ಬೇಕಲ ಒಂದು.

1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದ ಮೇಲೆ ಇದು ಮೈಸೂರಿನ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ ಮಲಬಾರಿಗೆ ದಂಡು ಹೋಗುವ ದಾರಿಯ ಠಾಣೆ. 1799ರ ನಂತರ ಕಂಪನಿ ಸರ್ಕಾರ. ಸ್ವಲ್ಪ ಕಾಲ ಬೇಕಲವೇ ತಾಲೂಕಿನ ಕೇಂದ್ರ, ಆಮೇಲೆ ಆ ಪಟ್ಟ ಕಾಸರಗೋಡಿಗೆ ಹೋಯಿತು. 1956ರಲ್ಲಿ ತಾಲೂಕೇ ಕೇರಳಕ್ಕೆ, 1984ರಲ್ಲಿ ಕಾಸರಗೋಡು ಜಿಲ್ಲೆ. ‘ರೆಸಾರ್ಟ್ ಊರು’ ಎಂಬ ಹೆಸರು ಬಂದದ್ದು ಇತ್ತೀಚೆಗೆ: 1992ರಲ್ಲಿ ಕೇಂದ್ರ ಸರ್ಕಾರ ಇದನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಸಾರಿತು, 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಹುಟ್ಟಿತು. ಅದೇ ಹೊತ್ತಿಗೆ ಒಂದು ತಮಿಳು ಸಿನಿಮಾದ ಹಾಡು ಮಳೆಗಾಲದ ಈ ಕೋಟೆಯನ್ನು ಮನೆಮನೆಗೆ ಮುಟ್ಟಿಸಿತು. ನಿಜ ಹೇಳಬೇಕೆಂದರೆ ನಿಗಮಕ್ಕಿಂತ ಹೆಚ್ಚು ಜನ ತಂದದ್ದು ಆ ಹಾಡು.

ತಲುಪುವುದು

ಕಾಸರಗೋಡಿನಿಂದ ಸುಮಾರು 16 ಕಿ.ಮೀ., ಕಾಞಂಗಾಡಿನಿಂದ 12. ಎರಡು ಪಟ್ಟಣಗಳ ನಡುವೆ ಎರಡು ರಸ್ತೆಗಳಿವೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು, ದಾರಿ ತಪ್ಪುವುದು ಇಲ್ಲೇ. ಒಂದು ರಾಷ್ಟ್ರೀಯ ಹೆದ್ದಾರಿ 66: ಚೆರ್ಕಳ, ಪೊಯಿನಾಚಿ, ಪೆರಿಯಾಟಡ್ಕಂ ಎಂದು ಒಳನಾಡಿನಲ್ಲಿ ಸುತ್ತಿ ಹೋಗುತ್ತದೆ, ಬೇಕಲವನ್ನು ಮುಟ್ಟುವುದೇ ಇಲ್ಲ. ಇನ್ನೊಂದು ಕರಾವಳಿಯ ರಾಜ್ಯ ಹೆದ್ದಾರಿ: ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ತೃಕ್ಕನ್ನಾಡು, ಬೇಕಲ, ಪಳ್ಳಿಕ್ಕರೆ. ನಿಮಗೆ ಬೇಕಾದದ್ದು ಇದು.

ಬಸ್ಸಿಗೆ ಹೋಗುವವರು ಕಾಸರಗೋಡಿನಲ್ಲಿ ಬರೀ ‘ಕಾಞಂಗಾಡ್’ ಬೋರ್ಡ್ ನೋಡಿ ಹತ್ತಬಾರದು. ‘ಚಂದ್ರಗಿರಿ ವಯಾ’ ಹೌದೇ ಎಂದು ಕಂಡಕ್ಟರನ್ನು ಕೇಳಿ ಹತ್ತಿ. ಕೇರಳ ಸಾರಿಗೆಯ ಬಸ್ಸುಗಳು ಈ ದಾರಿಯಲ್ಲಿ ಆಗಾಗ ಇವೆ, ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತವೆ. ಇಳಿಯುವ ಜಾಗದಲ್ಲೂ ಒಂದು ಎಡವಟ್ಟಿದೆ: ಬೇಕಲ ಪೇಟೆಯ ಸ್ಟಾಪು ಬೇರೆ, ಕೋಟೆಯ ಸ್ಟಾಪು ಬೇರೆ. ಕಾಸರಗೋಡು ಕಡೆಯಿಂದ ಬರುವಾಗ ಪೇಟೆ ಮೊದಲು ಸಿಗುತ್ತದೆ, ಆಮೇಲೆ ಬೇಕಲ ಹೊಳೆಯ ಸೇತುವೆ, ಅದು ದಾಟಿದ ಮೇಲೆ ಕೋಟೆಯ ತಿರುವು. ‘ಬೇಕಲ’ ಎಂದು ಕೂಗಿದ ಕೂಡಲೇ ಇಳಿದರೆ ಬಿಸಿಲಲ್ಲಿ ನಡಿಗೆ. ‘ಕೋಟೆ’ ಎಂದೇ ಟಿಕೆಟ್ ತೆಗೆಯಿರಿ. ಮಲಯಾಳದಲ್ಲೂ ‘ಕೋಟ್ಟ’, ಅರ್ಥವಾಗುತ್ತದೆ. ತಿರುವಿನಿಂದ ಬಾಗಿಲವರೆಗೆ ನಡೆದೇ ಹೋಗಬಹುದು.

ರೈಲಾದರೆ, ‘ಬೇಕಲ ಫೋರ್ಟ್’ ಎಂಬ ಹೆಸರಿನದೇ ಸ್ಟೇಷನ್ ಪಳ್ಳಿಕ್ಕರೆಯಲ್ಲಿದೆ, ಪಾಲಕುನ್ನಿನಲ್ಲಿ ಕೋಟಿಕುಳಂ ಸ್ಟೇಷನ್ ಇದೆ. ಎರಡರಲ್ಲೂ ಮುಖ್ಯವಾಗಿ ನಿಲ್ಲುವುದು ಲೋಕಲ್ ಗಾಡಿಗಳು. ಎಕ್ಸ್‌ಪ್ರೆಸ್‌ನವರು ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿಯಬೇಕು. ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಎರಡೂ ಕಡೆ ನಿಲ್ಲುತ್ತದೆ, ಬೆಳಗ್ಗೆ ಮುಟ್ಟುವುದರಿಂದ ದಿನ ಪೂರ್ತಿ ಕೈಗೆ ಸಿಗುತ್ತದೆ. ಮಂಗಳೂರಿನವರು ಬೆಳಗ್ಗೆ ಬೇಗ ಹೊರಡುವ ಯಾವುದಾದರೂ ದಕ್ಷಿಣದ ಗಾಡಿ ಹಿಡಿದು ಕಾಸರಗೋಡಿನಲ್ಲಿಳಿದು ಬಸ್ಸು ಹತ್ತಿದರೆ ಕೋಟೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಹುದು. ಕೇರಳದ ಆಟೋ ದರ ಮೊದಲ ಒಂದೂವರೆ ಕಿ.ಮೀ.ಗೆ 30 ರೂಪಾಯಿ, ಆಮೇಲೆ ಕಿ.ಮೀ.ಗೆ 15. ಕೋಟೆಯ ಹತ್ತಿರದ ಸಣ್ಣ ಓಡಾಟಕ್ಕೆ ಮೀಟರ್ ಹಾಕುವುದು ಅಪರೂಪ, ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮೊದಲೇ ಮಾತಾಡಿ.

ಸ್ವಂತ ಕಾರಿನವರಿಗೆ: ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಈಗ ಷಟ್ಪಥ. ವೇಗ ಬಂದಿದೆ, ಆದರೆ ಊರುಗಳು ಸರ್ವೀಸ್ ರಸ್ತೆಯ ಪಾಲಾಗಿವೆ. ಕಾಸರಗೋಡು ಪೇಟೆಯಲ್ಲಿ ಒಂಟಿ ಕಂಬಗಳ ಮೇಲೆ ನಿಂತ ಉದ್ದದ ಮೇಲ್ಸೇತುವೆ ಇದೆ. ಅದನ್ನು ಹತ್ತಿಬಿಟ್ಟರೆ ಪೇಟೆ ತಪ್ಪಿ ಚೆರ್ಕಳದ ಕಡೆಗೆ ಹೋಗುತ್ತೀರಿ. ಮೇಲ್ಸೇತುವೆಗೆ ಮೊದಲೇ ಸರ್ವೀಸ್ ರಸ್ತೆಗಿಳಿದು, ಪೇಟೆಯೊಳಗಿನ ಹಳೆ ಪ್ರೆಸ್ ಕ್ಲಬ್ ಜಂಕ್ಷನ್ ಕೇಳಿಕೊಂಡು ಚಂದ್ರಗಿರಿ ರಸ್ತೆ ಹಿಡಿಯಬೇಕು. ಮ್ಯಾಪು ಕೆಲವು ಸಲ ‘ಬೇಗದ ದಾರಿ’ ಎಂದು ಹೆದ್ದಾರಿಯಲ್ಲೇ ಕೊಂಡೊಯ್ದು ಒಳರಸ್ತೆಯಿಂದ ಪಳ್ಳಿಕ್ಕರೆಗೆ ಇಳಿಸುತ್ತದೆ. ಸಮಯದಲ್ಲಿ ಹೇಳಿಕೊಳ್ಳುವ ಉಳಿತಾಯವಿಲ್ಲ, ಚಂದ್ರಗಿರಿ ಹೊಳೆಯ ನೋಟವೂ ತಪ್ಪುತ್ತದೆ.

ಕೋಟೆಯೊಳಗೆ: ಎರಡು ಗಂಟೆ ಇಟ್ಟುಕೊಳ್ಳಿ

ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕ ಇದು. ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಮೊಬೈಲಿನಲ್ಲಿ ಪಾವತಿಸಿದರೆ 20. ಹದಿನೈದು ತುಂಬದ ಮಕ್ಕಳಿಗೆ ಇಲ್ಲ. ಮೊಬೈಲು, ಸಾದಾ ಕ್ಯಾಮೆರಾಕ್ಕೆ ತಕರಾರಿಲ್ಲ. ಟ್ರೈಪಾಡ್ ಹೊತ್ತು ಬಂದರೆ ಬಾಗಿಲಲ್ಲೇ ತಡೆಯುತ್ತಾರೆ, ಅದಕ್ಕೆ ಇಲಾಖೆಯ ಅನುಮತಿ ಬೇಕು. ಮದುವೆಗೆ ಮುಂಚಿನ ಫೋಟೊ ತಂಡಗಳು ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೀಗೆ. ಡ್ರೋನ್ ಅಂತೂ ಬೇಡವೇ ಬೇಡ.

ಟಿಕೆಟಿಗೆ ಮೊದಲು ಬಾಗಿಲ ಬಳಿಯ ಮುಖ್ಯಪ್ರಾಣನ ಗುಡಿ. ಕೋಟೆಗೆ ಹನುಮ ಕಾವಲು ನಿಲ್ಲುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹತ್ತಿರದಲ್ಲೇ ಹಳೆಯ ಮಸೀದಿ. ಬಾಗಿಲು ದಾಟುವಾಗ ದಾರಿ ನೇರವಾಗಿಲ್ಲ, ಅಂಕುಡೊಂಕಾಗಿ ತಿರುಗುತ್ತದೆ ಎನ್ನುವುದನ್ನು ಗಮನಿಸಿ. ನುಗ್ಗಿ ಬರುವವರ ಓಟ ತಿರುವಿನಲ್ಲಿ ಮುರಿಯಬೇಕು, ಆಗ ಎರಡೂ ಬದಿಯ ಗೋಡೆಯ ಮೇಲಿನಿಂದ ಹೊಡೆಯಬಹುದು. ಹೊರಗಿನ ಕಂದಕವನ್ನು ಹೆಚ್ಚಿನವರು ಬರೀ ಹಳ್ಳ ಎಂದುಕೊಂಡು ದಾಟುತ್ತಾರೆ.

ಒಳಗೆ ಬಂದವರು ಸೀದಾ ಗೋಪುರದ ಕಡೆ ಓಡುತ್ತಾರೆ. ಅದು ಬೇಡ. ಎಡಕ್ಕೋ ಬಲಕ್ಕೋ ತಿರುಗಿ ಮೊದಲು ಗೋಡೆಯ ಮೇಲಿನ ದಾರಿ ಹಿಡಿದು ಪೂರ್ತಿ ಒಂದು ಸುತ್ತು ಬನ್ನಿ, ಗೋಪುರ ಕೊನೆಗಿರಲಿ. ಬೆಳಗ್ಗೆ ಒಂಬತ್ತೂವರೆಯ ನಂತರ ಗೋಡೆಯ ಮೇಲೆ ನೆರಳು ಎಂಬುದೇ ಇಲ್ಲ, ಗೋಪುರದ ಮೇಲಾದರೆ ಗಾಳಿಯಾದರೂ ಬೀಸುತ್ತದೆ.

ಗೋಡೆ ಸುಮಾರು 12 ಮೀಟರ್ ಎತ್ತರ, ಎಲ್ಲವೂ ಮುರಕಲ್ಲು. ಈ ಕಲ್ಲಿನ ಗುಣ ತಿಳಿದರೆ ಕೋಟೆ ಅರ್ಧ ಅರ್ಥವಾದಂತೆ. ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಂಥ ಹತಾರಿನಿಂದ ಇಟ್ಟಿಗೆಯ ಹಾಗೆ ಕಡಿದು ತೆಗೆಯಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಕಲ್ಲನ್ನು ದೂರದಿಂದ ತರಬೇಕಾಗಿರಲಿಲ್ಲ, ಕರಾವಳಿಯ ಗುಡ್ಡವೆಲ್ಲ ಇದೇ. ಗುಂಡು ಬಡಿದರೆ ಕಗ್ಗಲ್ಲಿನ ಹಾಗೆ ಸಿಡಿಯುವುದಿಲ್ಲ, ಹೊಡೆತವನ್ನು ನುಂಗುತ್ತದೆ. ಕೆಟ್ಟ ಗುಣವೂ ಇದೆ. ಮೈಯೆಲ್ಲ ತೂತು, ನೀರು ಹೀರಿಕೊಂಡು ಹಿಡಿದಿಡುತ್ತದೆ, ಜೂನ್ ಕಳೆಯುವಷ್ಟರಲ್ಲಿ ಹಾವಸೆ ಕಟ್ಟುತ್ತದೆ. ಕಾಲು ಜಾರುವುದಕ್ಕೆ ಇದೇ ಕಾರಣ. ಅಕ್ಟೋಬರ್‌ವರೆಗೂ ನೆರಳು ಬದಿಯ ಮೆಟ್ಟಿಲುಗಳನ್ನು ನಂಬಬೇಡಿ. ಎಷ್ಟೋ ಕಡೆ ಗೋಡೆಯಂಚಿಗೆ ಕೈಹಿಡಿ ಇಲ್ಲ, ಆಚೆ ನೇರ ಬಂಡೆ. ಚಪ್ಪಲಿಗಿಂತ ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ವಾಸಿ.

ಇನ್ನು ಗೋಡೆಯ ತೂತುಗಳು. ಮಕ್ಕಳು ಇಣುಕಿ ಕಡಲು ನೋಡುವ ಕಿಂಡಿಗಳು ಅವಲ್ಲ, ಕೋವಿಗಳ ಕಿಂಡಿ. ಒಂದು ಕಡೆ ನಿಂತು ಮೂರು ಸಾಲನ್ನೂ ಹೋಲಿಸಿ ನೋಡಿ. ಮೇಲಿನ ಸಾಲು ದೂರದ ಗುರಿಗೆ, ನಡುವಿನದು ಹತ್ತಿರ ಬಂದವರಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದು ನಿಂತವರಿಗೆ. ಕೈಯನ್ನು ಕಿಂಡಿಯೊಳಗೆ ಇಳಿಸಿದರೆ ಇಳಿಜಾರು ಬದಲಾಗುವುದು ಗೊತ್ತಾಗುತ್ತದೆ. ಇಡೀ ಕೋಟೆಯಲ್ಲಿ ತಲೆ ಓಡಿಸಿ ಮಾಡಿದ ಕೆಲಸ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಇದೇ, ಗೋಪುರವಲ್ಲ.

ಕಡಲ ಬದಿಗೆ ಬಂದಾಗ ಗೋಡೆಯಿಂದ ಹೊರಕ್ಕೆ, ನೀರಿನೊಳಗೆ ಚಾಚಿದ ಕೊತ್ತಳ ಕಾಣುತ್ತದೆ. ಪೋಸ್ಟರುಗಳಲ್ಲಿ ಇರುವುದು ಇದು. ಮೇಲಿನಿಂದ ನೋಡಿದರೆ ಕೋಟೆಯ ಆಕಾರ ಬೀಗದ ಕಿಂಡಿಯಂತೆ ಎನ್ನುತ್ತಾರೆ. ಮುಕ್ಕಾಲು ಪಾಲು ಸುತ್ತಳತೆಗೆ ಕಡಲೇ ಕಂದಕ. ಇಲ್ಲಿ ಹತ್ತು ಗಂಟೆಯೊಳಗೆ ಬಂದವರಿಗೆ ಬೆಳಕೂ ಸಿಗುತ್ತದೆ, ಜನರಿಲ್ಲದ ಫೋಟೊವೂ ಸಿಗುತ್ತದೆ. ಕೆಳಗಿನ ಬಂಡೆಗಳಿಗೆ ಇಳಿಯುವ ಚಟ ಬೇಡ. ಒದ್ದೆಯಾಗಿ ಕಪ್ಪಗೆ ಕಾಣುವ ಬಂಡೆ ಎಂದರೆ ಸ್ವಲ್ಪ ಹೊತ್ತಿನ ಹಿಂದೆ ಅಲ್ಲಿಗೆ ತೆರೆ ಬಂದಿತ್ತು ಎಂದೇ ಅರ್ಥ.

ಒಳಬಯಲಿನಲ್ಲಿ ಅರಮನೆ ಹುಡುಕಬೇಡಿ. ನಿಂತಿರುವುದು ಕೆಲವೇ: ಮೆಟ್ಟಿಲು ಇಳಿಸಿದ ಕೆರೆ, ದಪ್ಪ ಗೋಡೆಯ ಮದ್ದಿನ ಮನೆ, ದಕ್ಷಿಣಕ್ಕೆ ಬಾಯಿ ತೆರೆದ ಸುರಂಗ, ಉತ್ಖನನದಲ್ಲಿ ಹೊರಬಂದ ಅಡಿಪಾಯದ ಸಾಲುಗಳು. ಕಡಲು ಕೂಗಳತೆಯಲ್ಲಿರುವಾಗ ಸಿಹಿನೀರಿನ ಕೆರೆ ಇಲ್ಲದಿದ್ದರೆ ಮುತ್ತಿಗೆಯಲ್ಲಿ ಕೋಟೆ ಉಳಿಯುವುದಿಲ್ಲ. ಇಂಥ ಮಾತನ್ನು ಹೇಳಬೇಕಾದ ಫಲಕಗಳು ಒಳಗೆ ತೀರಾ ಮಿತಭಾಷಿಗಳು. ಹುಲ್ಲು ಹಾಸಿಗೆ ಚೆನ್ನಾಗಿ ಕತ್ತರಿಸಿಟ್ಟಿದ್ದಾರೆ, ಕಸ ಕಡಿಮೆ, ಆದರೆ ಕಥೆ ಹೇಳುವವರಿಲ್ಲ. ಒಂದು ಅಂಕ ಕಡಿಮೆ ಕೊಡುವುದಾದರೆ ಇದಕ್ಕೆ.

ಕೊನೆಗೆ ವೀಕ್ಷಣಾ ಗೋಪುರ. ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿ ಇದೆ. ಮೇಲಕ್ಕೆ ಫಿರಂಗಿ ಎಳೆಯಲು ಮೆಟ್ಟಿಲು ಅಡ್ಡಿ. ಮೊಣಕಾಲು ನೋವಿನ ಹಿರಿಯರೂ ನಿಧಾನಕ್ಕೆ ಹತ್ತಬಹುದು. ಮೇಲೆ ನಿಂತರೆ ಉತ್ತರಕ್ಕೆ ಉದುಮ, ಕೋಟಿಕುಳಂ ಕಡೆಯ ತೆಂಗಿನ ಸಾಲು, ದಕ್ಷಿಣಕ್ಕೆ ಪಳ್ಳಿಕ್ಕರೆಯ ಮರಳು, ಕಾಞಂಗಾಡಿನ ದಿಕ್ಕು. ಸುತ್ತಲಿನ ಊರೆಲ್ಲ ಕಣ್ಣಳತೆಯಲ್ಲಿ ಇರುವಂತೆ ಗೋಪುರವನ್ನು ಇಟ್ಟಿದ್ದಾರೆ.

ತಲೆಗೆ ಒಂದು ಲೀಟರ್ ನೀರು ಹೊರಗಿನಿಂದಲೇ ಒಯ್ಯಿರಿ. ಶೌಚಾಲಯ, ಸೀಯಾಳ, ಚಾ ಎಲ್ಲ ಬಾಗಿಲ ಬಳಿ. ಒಳಗೆ ದೂರ ಹೋದ ಮೇಲೆ ಮಕ್ಕಳಿಗೆ ಅವಸರವಾದರೆ ಪೂರ್ತಿ ಹಿಂದಿರುಗಬೇಕು. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಬಂದವರ ಮುಖ ಒಂದು ಸುತ್ತು ಮುಗಿಯುವಷ್ಟರಲ್ಲಿ ಬಾಡಿರುತ್ತದೆ. ಗಾಲಿಕುರ್ಚಿಯವರು ಬಯಲಿನ ದಾರಿಯಲ್ಲಿ ಸ್ವಲ್ಪ ದೂರ ಬರಬಹುದು, ಗೋಡೆಯ ದಾರಿ ಆಗದು.

ಮಧ್ಯಾಹ್ನ: ಊಟ

ಹನ್ನೊಂದರಿಂದ ಮೂರೂವರೆವರೆಗೆ ಇಲ್ಲಿ ಹೊರಗೆ ಮಾಡುವಂಥದ್ದೇನೂ ಇಲ್ಲ. ಸೆಕೆ. ಈ ಹೊತ್ತು ಊಟಕ್ಕೆ.

ಕೋಟೆಯ ಎದುರಿನ ಅಂಗಡಿಗಳು ಚಾ, ತಿಂಡಿಗೆ ಸಾಕು. ಊಟಕ್ಕೆ ಪಾಲಕುನ್ನು, ಉದುಮ, ಅಥವಾ ಕಾಞಂಗಾಡು ಪೇಟೆಗೆ ಹೋಗುವುದು ಒಳ್ಳೆಯದು. ಪಟ್ಟಿಯಲ್ಲಿ ಮೀನಿನ ಹೆಸರುಗಳು ಮಲಯಾಳದಲ್ಲಿರುತ್ತವೆ: ‘ಅಯಲ’ ಎಂದರೆ ನಮ್ಮ ಬಂಗುಡೆ, ‘ಮತ್ತಿ’ ಎಂದರೆ ಬೂತಾಯಿ, ‘ಅಯಕ್ಕೂರ’ ಎಂದರೆ ಅಂಜಲ್. ಊಟಕ್ಕೆ ‘ಊಣ್’ ಎಂದರೆ ಕುಚ್ಚಿಲಕ್ಕಿ ಅನ್ನ, ಮೀನು ಸಾರು, ಎರಡು ಪಲ್ಯ. ಹುರಿದ ಮೀನಿಗೆ ಬೇರೆ ಲೆಕ್ಕ. ಹುರಿದ ಮೀನಿನ ಬೆಲೆ ತುಂಡಿನ ಮೇಲೆ, ದಿನದ ಮೇಲೆ ಏರಿಳಿಯುತ್ತದೆ, ತಟ್ಟೆಗೆ ಬೀಳುವ ಮೊದಲು ‘ಎತ್ರ?’ ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ತಪ್ಪಿಸಿಕೊಳ್ಳಬಾರದ್ದು ಒಂದಿದೆ, ಅರಿಕ್ಕಡುಕ್ಕ. ಕಡುಕ್ಕ ಎಂದರೆ ಬಂಡೆಗೆ ಅಂಟುವ ಜೋಡಿ ಚಿಪ್ಪಿನದು, ಕಲ್ಲುಮ್ಮಕ್ಕಾಯಿ ಎಂದೂ ಕರೆಯುತ್ತಾರೆ. ಚಿಪ್ಪನ್ನು ಪೂರ್ತಿ ಬೇರ್ಪಡಿಸದೆ ಬಾಯಿ ತೆರೆದು, ನೆನೆಸಿದ ಕುಚ್ಚಿಲಕ್ಕಿಯನ್ನು ತೆಂಗಿನಕಾಯಿ, ಸಣ್ಣ ಈರುಳ್ಳಿ, ಬಡೇಸೊಪ್ಪಿನ ಜೊತೆ ಗಟ್ಟಿಯಾಗಿ ರುಬ್ಬಿ ತುಂಬಿ, ಚಿಪ್ಪಿನ ಸಮೇತ ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಚಿಪ್ಪು ಕಳಚಿ, ಮೆಣಸಿನಪುಡಿ ಅರಸಿನದ ಲೇಪ ಹಚ್ಚಿ ಕರಿಯುತ್ತಾರೆ. ಒಳ್ಳೆಯದರ ಗುರುತು: ಹೊರಗೆ ಗರಿ, ಒಳಗಿನ ಅಕ್ಕಿ ಕಡುಬಿನ ಹಾಗೆ ಮೆತ್ತಗೆ. ಬೆಳಗ್ಗೆ ಕರಿದಿಟ್ಟದ್ದು ಸಂಜೆಗೆ ರಬ್ಬರಾಗುತ್ತದೆ, ನಿಮ್ಮೆದುರು ಎಣ್ಣೆಗೆ ಹಾಕುವ ಜಾಗದಲ್ಲೇ ತಿನ್ನಿ. ಮರಳು ಹಲ್ಲಿಗೆ ಸಿಕ್ಕಿದರೆ ತೊಳೆದದ್ದು ಸಾಲದು ಎಂದರ್ಥ, ಎರಡನೆಯದನ್ನು ಮುಟ್ಟಬೇಡಿ. ದಕ್ಷಿಣದ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಇದನ್ನು ಹಗ್ಗಕ್ಕೆ ಕಟ್ಟಿ ಸಾಕುತ್ತಾರೆ, ಬೇಸಿಗೆಯಲ್ಲಿ ಕೊಯ್ಲು. ಆಗ ಬಂದರೆ ತಾಜಾ.

ಸಸ್ಯಾಹಾರಿಗಳಿಗೆ ಬೇಕಲದಲ್ಲಿ ಆಯ್ಕೆ ಕಡಿಮೆ. ಉಡುಪಿ ಶೈಲಿಯ ಹೋಟೆಲುಗಳು ಕಾಸರಗೋಡು, ಕಾಞಂಗಾಡು ಪೇಟೆಗಳಲ್ಲಿ ಸಿಗುತ್ತವೆ. ಶುಕ್ರವಾರ ಜುಮಾ ಹೊತ್ತಿಗೆ, ಅಂದರೆ ಹನ್ನೆರಡೂವರೆಯಿಂದ ಒಂದೂವರೆವರೆಗೆ, ಹಲವು ಹೋಟೆಲುಗಳು ಬಾಗಿಲು ಎಳೆಯುತ್ತವೆ. ರಂಜಾನ್ ತಿಂಗಳಲ್ಲಿ ಹಗಲು ಊಟದ ಜಾಗ ಹುಡುಕಬೇಕಾಗುತ್ತದೆ. ಸಂಜೆಯಾದರೆ ಅದೇ ರಸ್ತೆಗಳು ತಿಂಡಿಯ ಸಂತೆ.

ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಆಗ ಸಿಗುವುದು ನಾಡದೋಣಿಯ ಮೀನು ಅಥವಾ ಐಸಿನ ಮೀನು. ಮೊದಲನೆಯದು ದುಬಾರಿ, ಎರಡನೆಯದು ಬೇಡ.

ಸಂಜೆ: ಪಳ್ಳಿಕ್ಕರೆಯ ಮರಳು

ಕೋಟೆಯ ದಕ್ಷಿಣಕ್ಕೆ ಇರುವ ಬೇಕಲ ಬೀಚ್ ಪಾರ್ಕಿಗೆ ಸಣ್ಣ ಪ್ರವೇಶ ಶುಲ್ಕ, ವಾಹನಕ್ಕೆ ಬೇರೆ. ಮರಳು ಅಗಲ, ಇಳಿಜಾರು ಕಡಿಮೆ, ಮಕ್ಕಳಿಗೆ ಓಡಲು ಚೆನ್ನ. ಆಟದ ಸಾಮಾನು, ಒಂಟೆ, ಕುದುರೆ, ಉಪ್ಪಿಲಿಟ್ಟ ಮಾವಿನಕಾಯಿ ಎಲ್ಲ ಜಾತ್ರೆಯಂತೆ ಸೇರಿಕೊಂಡಿವೆ. ಗದ್ದಲ ಬೇಡದವರು ಉತ್ತರಕ್ಕೆ ಉದುಮದ ಕಪ್ಪಿಲ್ ಬೀಚಿಗೆ ಹೋಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳಿನ ಪಟ್ಟಿ. ಅಲ್ಲಿ ಅಂಗಡಿ, ಕಾವಲು ಎರಡೂ ಕಡಿಮೆ ಎನ್ನುವುದು ನೆನಪಿರಲಿ.

ನೀರಿಗೆ ಇಳಿಯುವ ವಿಷಯ. ದಡಕ್ಕೆ ಬಡಿದ ನೀರು ಹಿಂದಿರುಗಲು ಒಂದು ಓಣಿ ಮಾಡಿಕೊಳ್ಳುತ್ತದೆ. ಎರಡೂ ಬದಿ ತೆರೆ ಒಡೆದು ನೊರೆ ಇರುವಾಗ ನಡುವೆ ಒಂದು ಕಡೆ ಮಾತ್ರ ನೀರು ಸಪಾಟಾಗಿ, ಕೆಸರು ಬಣ್ಣಕ್ಕೆ ಕಂಡರೆ ಅದೇ ಆ ಓಣಿ. ಹೊಸಬರಿಗೆ ‘ಇಲ್ಲಿ ತೆರೆ ಇಲ್ಲ, ಒಳ್ಳೆಯದು’ ಅನಿಸುತ್ತದೆ, ಇಳಿಯುವುದು ಅಲ್ಲಿಗೇ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದು, ಆಮೇಲೆ ತೆರೆಯ ಜೊತೆ ದಡಕ್ಕೆ. ಮೊಣಕಾಲಿಗಿಂತ ಮೇಲೆ ನೀರಿಗೆ ಹೋಗದಿದ್ದರೆ ಈ ಪಾಠವೇ ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದಿದೆ. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಕಡಲು ಏಕಾಏಕಿ ಏರಿ ಮರಳನ್ನೆಲ್ಲ ಮುಚ್ಚಿ ಅಂಗಡಿಯವರೆಗೆ ಬರುತ್ತದೆ. ಮಲಯಾಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನ ಹಾಗೆ ಬರುವುದರಿಂದ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿ ಮುಟ್ಟುವುದೇ ಕಾರಣ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಮುನ್ಸೂಚನೆ ಕೊಡುತ್ತದೆ, ಸುದ್ದಿಯಲ್ಲಿ ಬರುತ್ತದೆ. ಆ ದಿನ ಮರಳಿನ ಮೇಲೆ ಬ್ಯಾಗು, ಚಪ್ಪಲಿ, ಕಾರು ಯಾವುದನ್ನೂ ಬಿಟ್ಟು ಹೋಗಬೇಡಿ.

ಡಿಸೆಂಬರ್ ಕೊನೆಯ ವಾರಗಳಲ್ಲಿ ಬೀಚ್ ಉತ್ಸವ ನಡೆದ ವರ್ಷಗಳಲ್ಲಿ ಸಂಜೆ ಕರಾವಳಿ ರಸ್ತೆ ತುಂಬಿ ನಿಲ್ಲುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಪಾಲಕುನ್ನು ಭಗವತಿ ಕ್ಷೇತ್ರದ ಭರಣಿ ಉತ್ಸವದ ರಾತ್ರಿಯೂ ಹಾಗೆಯೇ. ಉತ್ಸವಕ್ಕೇ ಬರುವವರಾದರೆ ಸರಿ, ಕೋಟೆಗೆ ಬರುವವರಾದರೆ ಆ ದಿನ ಬಿಡಿ.

ಉಳಿಯಬೇಕೇ?

ಕೋಟೆ, ಕಡಲು ಮಾತ್ರ ನೋಡುವುದಾದರೆ ಬೇಡ, ಒಂದು ದಿನ ಸಾಕು. ಉಳಿಯುವುದಾದರೆ ಎರಡೇ ದಾರಿ. ತಾಜ್, ಲಲಿತ್ ಮಾದರಿಯ ದೊಡ್ಡ ರೆಸಾರ್ಟುಗಳು ಸೀಸನ್‌ನಲ್ಲಿ ರಾತ್ರಿಗೆ ಐದಂಕಿ. ಅಲ್ಲಿಗೆ ಹೋಗುವವರು ಕೋಟೆಗಲ್ಲ, ರೆಸಾರ್ಟಿಗೇ ಹೋಗುವವರು. ಉಳಿದವರಿಗೆ ಕಾಞಂಗಾಡಿನ ಲಾಡ್ಜುಗಳು; ರೈಲು, ಬಸ್ಸು, ಊಟ ಮೂರೂ ನಡೆದು ಹೋಗುವಷ್ಟು ಹತ್ತಿರ. ನಡುವಿನ ದರದ ಹೋಂಸ್ಟೇಗಳಲ್ಲಿ ‘ಸೀ ವ್ಯೂ’ ಎಂದರೆ ತಾರಸಿಯ ಮೇಲೆ ನಿಂತು ತೆಂಗಿನ ಮರಗಳ ನಡುವೆ ಹುಡುಕಬೇಕಾದ ಕಡಲೂ ಆಗಿರಬಹುದು. ದಡಕ್ಕೆ ಎಷ್ಟು ಮೀಟರ್, ನಡುವೆ ರೈಲು ಹಳಿ ಇದೆಯೇ, ಇವೆರಡನ್ನು ಫೋನಿನಲ್ಲೇ ಕೇಳಿ. ಹಳಿಯ ಪಕ್ಕದ ಕೋಣೆಯಲ್ಲಿ ರಾತ್ರಿಯಿಡೀ ಗಾಡಿಗಳ ಸದ್ದು.

ಎರಡನೆಯ ದಿನ ಇದ್ದರೆ ಕಾಞಂಗಾಡಿನಲ್ಲಿ 1931ರಲ್ಲಿ ಸ್ಥಾಪನೆಯಾದ ಸ್ವಾಮಿ ರಾಮದಾಸರ ಆನಂದಾಶ್ರಮ, ಮುರಕಲ್ಲಿನಲ್ಲಿ ಕೊರೆದ ಗುಹೆಗಳಿರುವ ನಿತ್ಯಾನಂದಾಶ್ರಮ ನೋಡಬಹುದು. ಇನ್ನೂ ದಕ್ಷಿಣಕ್ಕೆ ನೀಲೇಶ್ವರದ ಕೋಟ್ಟಪ್ಪುರಂನಿಂದ ವಲಿಯಪರಂಬ ಹಿನ್ನೀರಿಗೆ ದೋಣಿಮನೆಗಳು ಹೊರಡುತ್ತವೆ. ಅಕ್ಟೋಬರ್ ಕೊನೆಯಿಂದ ಮೇವರೆಗೆ ತೆಯ್ಯಂ ಕಾಲ, ನಮ್ಮ ಭೂತಕೋಲದಂಥ ದೈವಾರಾಧನೆ ಅದು. ಯಾವ ‘ಕಾವು’, ಅಂದರೆ ದೈವದ ಬನದಲ್ಲಿ, ಯಾವ ರಾತ್ರಿ ಎಂಬುದು ಊರಿನ ಆಟೋದವರಿಗೆ ಮ್ಯಾಪಿಗಿಂತ ಚೆನ್ನಾಗಿ ಗೊತ್ತು.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ ಹದ. ಮಾರ್ಚ್‌ನಿಂದ ಮೇವರೆಗೆ ಬರುವವರು ಎಂಟಕ್ಕೆ ಒಳಹೊಕ್ಕು ಹತ್ತಕ್ಕೆ ಹೊರಬನ್ನಿ. ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ಗೆ. ಆದರೂ ಜುಲೈಯಲ್ಲಿ ಬರಬೇಡಿ ಎನ್ನಲು ಮನಸ್ಸಿಲ್ಲ. ಕೋಟೆ ಹಸಿರು ಹೊದ್ದು, ಕಡಲು ಬೂದಿ ಬಣ್ಣಕ್ಕೆ ತಿರುಗಿ, ಕೊತ್ತಳಕ್ಕೆ ತೆರೆ ಅಪ್ಪಳಿಸುವಾಗ ಮಾತ್ರ ಇದು ಆ ಹಾಡಿನ ಕೋಟೆ. ಬೀಚಿಗೆ ಮಾತ್ರ ಆಗ ಹೋಗಬೇಡಿ, ಕೊಡೆಯ ಬದಲು ರೈನ್‌ಕೋಟ್ ತನ್ನಿ. ಗೋಡೆಯ ಮೇಲಿನ ಗಾಳಿಗೆ ಕೊಡೆ ಒಂದು ನಿಮಿಷ ನಿಲ್ಲುವುದಿಲ್ಲ.

ಹಿಂದಿರುಗುವಾಗ ಕಾಸರಗೋಡಿನ ಬಸ್ಸಿನಲ್ಲಿ ಎಡಬದಿಯ ಕಿಟಕಿ ಹಿಡಿಯಿರಿ. ಬೇಕಲ ಪೇಟೆ ದಾಟಿದ ಕೂಡಲೇ ತೃಕ್ಕನ್ನಾಡಿನಲ್ಲಿ ರಸ್ತೆ ಕಡಲಿಗೆ ಅಂಟಿಕೊಂಡೇ ಹೋಗುತ್ತದೆ. ಒಂದು ಬದಿ ತ್ರ್ಯಂಬಕೇಶ್ವರನ ಗುಡಿ, ಇನ್ನೊಂದು ಬದಿ ಆಟಿ ಅಮಾವಾಸ್ಯೆಗೆ ಸಾವಿರಾರು ಜನ ಪಿತೃಗಳಿಗೆ ಪಿಂಡ ಇಡುವ ಮರಳು. ನೀರಿನ ನಡುವೆ ಕಾಣುವ ಬಂಡೆಗಳಿಗೆ ಪಾಂಡ್ಯನ್ ಕಲ್ಲು ಎಂದು ಹೆಸರು. ಗುಡಿಗೆ ದಾಳಿ ಇಟ್ಟ ಪಾಂಡ್ಯ ದೊರೆಯ ಹಡಗು ಕಲ್ಲಾಯಿತು ಎಂದು ಊರವರ ಮಾತು. ಮುಂದೆ ಮೇಲ್ಪರಂಬದಲ್ಲಿ ಹೊಳೆಯ ದಕ್ಷಿಣ ದಂಡೆಯ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ. ಅದೂ ಶಿವಪ್ಪ ನಾಯಕನದೇ, ಏಳು ಎಕರೆಯಷ್ಟೇ, ಹೋಗುವವರು ಕಡಿಮೆ. ಬೇಕಲದಲ್ಲಿ ಮೂರೂವರೆಗೇ ಸಾಕೆನಿಸಿದರೆ ಇಲ್ಲಿ ಇಳಿದು ಹೊಳೆ ಕಡಲಿಗೆ ಸೇರುವ ಅಳಿವೆ ನೋಡಬಹುದು. ಕತ್ತಲಾಗುವ ಮೊದಲು ಕೆಳಗಿಳಿಯಿರಿ. ಕಾಸರಗೋಡು ಅಲ್ಲಿಂದ ನಾಲ್ಕು ಕಿ.ಮೀ., ರಸ್ತೆಗೆ ಬಂದು ನಿಂತರೆ ಬಸ್ಸು ಸಿಗುತ್ತದೆ.